ಒಂದು ತೊಟ್ಟು ರಕ್ತದ ಮುಯ್ಯಿ

ಬ್ಯಾಗು ಹೆಗಲಿಗೇರಿಸಿ ಆರೋಗ್ಯದ ಸರ್ವೆಗೆ ಹೊರಟ ದಿನ ಸುಮ್ಮನೆ ಹೋಗಿ ಸುಮ್ಮನೆ ಬಂದದ್ದು ನನಗಂತೂ ನೆನಪಿಲ್ಲ. ಒಂದೋ ನಾಯಿ ಅಟ್ಟಿಸಿಕೊಂಡು ಬರುತ್ತದೆ, ಇಲ್ಲವೇ ನಾಯಿಯ ಯಜಮಾನರು. ಇಪ್ಪತ್ತನಾಲ್ಕು ವರ್ಷದಿಂದ ಹಳ್ಳಿ ಸುತ್ತುವ ಕೆಲಸ ನನ್ನದು. ಕಾಗದದ ಮೇಲೆ ನನ್ನ ಹುದ್ದೆಗೆ ಉದ್ದನೆಯ ಹೆಸರಿದೆ. ಜನ ಮಾತ್ರ ನರ್ಸಮ್ಮ ಅನ್ನುತ್ತಾರೆ, ಮುಗಿಯಿತು.

ಈ ಸಲದ ಸರ್ವೆ ಬಿಪಿ ಮತ್ತು ಸಕ್ಕರೆ ಕಾಯಿಲೆಯದು. ನನ್ನನ್ನೂ ಒಬ್ಬಳು ಆಶಾ ಕಾರ್ಯಕರ್ತೆಯನ್ನೂ ಜೋಡಿ ಮಾಡಿ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಅಂತ ನಾಲ್ಕು ದಿಕ್ಕಿಗೂ ಓಡಿಸಿದರು. ಊರಿನ ಎಲ್ಲ ಮನೆಗೂ ಹೋಗುವಂತಿಲ್ಲ. ಯಾವ ಮನೆ ಅಂತ ಕಂಪ್ಯೂಟರೇ ಚೀಟಿ ಎತ್ತಿ ಹೇಳುತ್ತದೆ. ಆ ಮನೆಯವರು ಒಲ್ಲೆ ಅಂದರೆ ಪಕ್ಕದ ಮನೆಗೆ ನುಗ್ಗುವ ಹಾಗಿಲ್ಲ. ಅದೇ ಬಾಗಿಲಿಗೆ ಮೂರು ಸಲ ಹೋಗಬೇಕು. ಮೂರನೇ ಸಲವೂ ಆಗದಿದ್ದರೆ ‘ನಿರಾಕರಿಸಿದ್ದಾರೆ’ ಅಂತ ಬರೆದು ಆ ಮನೆಯನ್ನು ಮರೆತುಬಿಡಬೇಕು.

ನನಗೆ ಮರೆಯಲಾಗದ ಮನೆಯೊಂದು ಮೊದಲನೇ ದಿನವೇ ಸಿಕ್ಕಿತು. ವಿರೂಪಾಕ್ಷಿಪುರದ ಕಡೆ, ರೇಷ್ಮೆಹುಳ ಸಾಕುವ ಮನೆ. ಅರವತ್ತರ ಆಸುಪಾಸಿನ ಯಜಮಾನಿ ಹೊಸ್ತಿಲಲ್ಲೇ ಕೈ ಅಡ್ಡ ಹಿಡಿದರು.

“ಅಲ್ಲೇ ನಿಂತ್ಕ. ಒಳಗೆ ಹುಳ ಅವೆ.”

ಊರಿಗೆಲ್ಲ ಶುಚಿತ್ವ ಹೇಳಿಕೊಡಲು ಬಂದ ನನ್ನನ್ನು ಸುಣ್ಣದ ಪುಡಿಯ ಮೇಲೆ ನಿಲ್ಲಿಸಿ, ಬ್ಲೀಚಿಂಗ್ ನೀರಿನಲ್ಲಿ ಕೈ ತೊಳೆಸಿ, ಹತ್ತಿರ ಬಂದು ಮೂಸಿ ನೋಡಿದರು.

“ಏನ್ ಹಾಕ್ಕಂಡಿದೀಯ?”

“ಪೌಡರ್ ಅಮ್ಮ, ಅಷ್ಟೇ.”

“ಆ ವಾಸ್ನೆ ಹುಳಕ್ಕಾಗಕಿಲ್ಲ. ಹೋಗ್ಬುಟ್ಟು ಇನ್ನೊಂದಿನ ಬಾ.”

ತಪಾಸಣೆ ಮಾಡಲು ಬಂದವಳು ತಪಾಸಣೆಯಲ್ಲಿ ಫೇಲಾಗಿ ವಾಪಸ್ಸು ಹೊರಟೆ. ಆಗ ಕಂಡದ್ದು ಅವರ ಬಲಗಾಲು. ಪಾದಕ್ಕೆ ಹಳೇ ಬಟ್ಟೆ ಸುತ್ತಿ ಅರಿಶಿನ ಮೆತ್ತಿದ್ದರು. ಕೇಳಿದರೆ, “ಸೊಪ್ಪು ಕುಯ್ದ ಕೂಳೆ ಚುಚ್ತು. ಒಂದ್ ತಿಂಗ್ಳಾಯ್ತೇನೋ. ಒಣಗ್ತದೆ ಬುಡು,” ಅಂದರು. ತಿಂಗಳಾದರೂ ಒಣಗದ ಗಾಯ ಕಂಡರೆ ನಮ್ಮಂಥವರ ಎದೆ ಧಸಕ್ಕೆನ್ನುತ್ತದೆ. ಒಳಗೆ ಸಕ್ಕರೆ ಕಾಯಿಲೆ ಕೂತಿದ್ದರೆ ಆ ಗಾಯ ಕಾಲನ್ನೇ ತಿನ್ನಬಹುದು. ಒಂದು ತೊಟ್ಟು ರಕ್ತ ನೋಡಿದರೆ ಗೊತ್ತಾಗುವ ವಿಷಯ. ಆ ಒಂದು ತೊಟ್ಟು ನನಗೆ ಸಿಗಲಿಲ್ಲ. ಇನ್ನೆರಡು ಸಲ ಮಾತ್ರ ಹೋಗುವ ಅವಕಾಶವಿತ್ತು.

ಗೋಡೆಯಾಚೆಯ ತಮ್ಮ

ಮಾಗಡಿ ಕಡೆಯ ಹಳ್ಳಿಯೊಂದರಲ್ಲಿ ಅಣ್ಣತಮ್ಮಂದಿರು ಪಾಲಾಗಿ, ಒಂದೇ ಮನೆಯ ನಡುವೆ ಗೋಡೆ ಎಬ್ಬಿಸಿಕೊಂಡಿದ್ದರು. ಗೋಡೆ ಭುಜದೆತ್ತರ. ಮಾತಿಗೇನೂ ಅಡ್ಡಿಯಿಲ್ಲ. ಚೀಟಿ ಬಿದ್ದದ್ದು ಅಣ್ಣನ ಮನೆಗೆ.

“ಊರೆಲ್ಲಾ ಬುಟ್ಟು ನಮ್ಮನೆಗೇ ಯಾಕ್ ಬಂದ್ರಿ? ನಮ್ಮನೇಲೇನು ರೋಗ ಐತಾ?” ಅಂತ ಅಣ್ಣ.

“ನಮ್ಮನೆ ಯಾಕ್ ಬುಟ್ರಿ? ನಾವೇನು ಈ ಊರ್ನೋರಲ್ವಾ?” ಅಂತ ಗೋಡೆಯಾಚೆಯಿಂದ ತಮ್ಮ.

ಬೇಡ ಅನ್ನುವವನನ್ನು ಬಿಡುವಂತಿಲ್ಲ, ಬೇಕು ಅನ್ನುವವನನ್ನು ಸೇರಿಸುವಂತಿಲ್ಲ. ಅಣ್ಣ ಆಗಲೇ ಬೆನ್ನು ತಿರುಗಿಸಿದ್ದ. ಕೊನೆಯದಾಗಿ ಒಂದು ಕಲ್ಲು ಎಸೆದು ನೋಡೋಣ ಅಂತ, “ಒಂದೇ ಒಂದಕ್ಕೆ ಉತ್ತರ ಹೇಳಿ, ಸಾಕು. ಬೀಡಿ ಸೇದ್ತೀರಾ?” ಅಂದೆ.

“ಇಲ್ಲ.”

“ಸುಳ್ಳು! ದಿನಕ್ಕೊಂದು ಕಟ್ಟು!” ಗೋಡೆಯ ಮೇಲೆ ತಮ್ಮನ ತಲೆ ಮೂಡಿತು.

“ಲೇ, ನಿನ್ನ ಕೇಳಿದ್ರೇನ್ಲಾ? ಅರ್ಧ ಕಟ್ಟು ಕಣವ್ವ, ಅರ್ಧ. ಬರ್ಕಳಿ.”

“ಕುಡಿಯೋದು?”

“ಹಬ್ಬಕ್ಕೆ ಒಸಿ.”

“ವಾರಕ್ಕೆ ನಾಕು ಹಬ್ಬ ಮಾಡ್ತಾನೆ,” ಅಂದ ತಮ್ಮ.

ಅಣ್ಣ ಜಗಲಿಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತೇಬಿಟ್ಟ. ತಮ್ಮನ ಮಾತು ಸುಳ್ಳು ಮಾಡಬೇಕೆಂಬ ಒಂದೇ ಹಟಕ್ಕೆ ಕಡೆಯ ಪ್ರಶ್ನೆಯವರೆಗೂ ಉತ್ತರ ಕೊಟ್ಟ, ಬಿಪಿಗೆ ತೋಳು ಚಾಚಿದ, ರಕ್ತಕ್ಕೆ ಬೆರಳು ಕೊಟ್ಟ. ಅಷ್ಟು ಭರ್ತಿಯಾದ ಫಾರಂ ನನ್ನ ಸರ್ವೀಸಿನಲ್ಲೇ ಕಂಡಿರಲಿಲ್ಲ. ನಾವು ಎದ್ದರೆ ದಾರಿಗೆ ಅಡ್ಡ ನಿಂತ.

“ಎಲ್ಲೋಗ್ತೀರಿ? ನಂದಾಯ್ತು. ಈಗ ಅವನ್ದು ಬರ್ಕಳಿ. ಅವನೇನೂ ಹೇಳೋದ್ ಬ್ಯಾಡ, ಎಲ್ಲಾ ನಾನೇ ಹೇಳ್ತೀನಿ.”

ಒಪ್ಪಿಗೆ ಪತ್ರ

ಕನಕಪುರದಾಚೆಯ ಊರಿನಲ್ಲಿ ಎಪ್ಪತ್ತು ದಾಟಿದ ಯಜಮಾನರೊಬ್ಬರು ನಮ್ಮನ್ನು ನಗುನಗುತ್ತ ಕೂರಿಸಿದರು. “ಎಷ್ಟ್ ಬೇಕೋ ಅಷ್ಟು ರಕ್ತ ತಕ್ಕಳವ್ವ,” ಅಂದರು. ಇಂಥವರು ಊರಿಗೊಬ್ಬರಿದ್ದರೆ ಸಾಕು ಅಂದುಕೊಂಡು ಒಪ್ಪಿಗೆ ಪತ್ರವನ್ನೂ ಪೆನ್ನನ್ನೂ ಮುಂದಿಟ್ಟೆ. ನಗು ಮಾಯ.

“ಸೈನ್ ಮಾತ್ರ ಕೇಳ್ಬ್ಯಾಡ.”

“ನಿಮ್ಮ ಒಳ್ಳೇದಕ್ಕೇ ಯಜಮಾನ್ರೇ.”

“ಒಳ್ಳೇದಕ್ಕೇ ಅಂದಿದ್ಕೆ ನಮ್ಮಪ್ಪ ಯಾರಿಗೋ ಒಂದ್ ಸೈನ್ ಹಾಕ್ದ. ಎರಡೆಕ್ರೆ ಕೈ ಬುಟ್ಟೋಯ್ತು.”

ಸಹಿ ಇಲ್ಲದೆ ನಾನು ಸೂಜಿ ಮುಟ್ಟುವಂತಿಲ್ಲ, ಸೂಜಿಗೆ ಹೆದರದ ಅವರು ಪೆನ್ನು ಮುಟ್ಟುವುದಿಲ್ಲ. ಅರ್ಧ ಗಂಟೆ ಹಗ್ಗ ಜಗ್ಗಿದ ಮೇಲೆ ಅವರೇ ಒಂದು ದಾರಿ ಹುಡುಕಿದರು. “ಹಂಗಾದ್ರೆ ಮೊದ್ಲು ನೀನು ನಂಗೆ ಬರ್ಕೊಡು.” ಸೊಸೆಯಿಂದ ಒಂದು ಹಾಳೆ ತರಿಸಿ, ಕಣ್ಣು ಮುಚ್ಚಿ ಹೇಳುತ್ತ ಹೋದರು. ನಾನು ಬರೆದೆ: “ಈ ದಿನ ಸದರಿಯವರ ಎಡಗೈ ಬೆರಳಿನಿಂದ ಒಂದು ತೊಟ್ಟು ರಕ್ತ ಮಾತ್ರ ಪಡೆದಿರುತ್ತೇನೆ. ಸದರಿ ರಕ್ತ ಹೊರತು ಮನೆ, ಹೊಲ, ಕೊಟ್ಟಿಗೆ, ಹುಣಸೆಮರ ಯಾವುದರ ಮೇಲೂ ನನಗಾಗಲಿ ನನ್ನ ವಾರಸುದಾರರಿಗಾಗಲಿ ಹಕ್ಕು ಇರುವುದಿಲ್ಲ.” ಕೆಳಗೆ ನನ್ನ ಸಹಿ. ಸಾಕ್ಷಿಗೆ ಆಶಾ, ಮತ್ತು ದಾರಿಯಲ್ಲಿ ಹೋಗುತ್ತಿದ್ದ ಹಾಲಿನ ಡೇರಿಯವರು.

ಆಮೇಲೆ ಅವರು ನನ್ನ ಪತ್ರಕ್ಕೆ ಧಾರಾಳವಾಗಿ ಸಹಿ ಹಾಕಿದರು. ಬೆರಳು ಚುಚ್ಚಿದೆ. ವಯಸ್ಸಾದವರ ಗಟ್ಟಿ ಚರ್ಮ, ಬಂದ ತೊಟ್ಟು ಮೆಷಿನ್ನಿಗೆ ಸಾಲಲಿಲ್ಲ.

“ಇನ್ನೊಂದೇ ಒಂದು ಸಲ ಯಜಮಾನ್ರೇ,” ಅಂದೆ.

ಅವರು ಜೇಬಿನಿಂದ ನಿಧಾನವಾಗಿ ಹಾಳೆ ತೆಗೆದು ಬಿಡಿಸಿದರು. “ಇದ್ರಾಗೆ ಒಂದೇ ತೊಟ್ಟು ಅಂತ ಐತಲ್ಲವ್ವ. ಇನ್ನೊಂದ್ ಪತ್ರ ಬರಿ. ಆ ಡೇರಿಯೋರ್ನ ಕೂಗು.”

ಹಾರೋಹಳ್ಳಿಯ ಹಾಲಿನಂಥ ಹುಡುಗ

ಹಾರೋಹಳ್ಳಿ ಕೈಗಾರಿಕಾ ಪ್ರದೇಶದ ಪಕ್ಕದಲ್ಲಿ ಬಾಡಿಗೆ ರೂಮುಗಳ ಸಾಲು. ಶಿಫ್ಟು ಮುಗಿಸಿ ಬಂದಿದ್ದ ಯುವಕನೊಬ್ಬ ನಾವು ಕೇಳುವ ಮೊದಲೇ ಶರ್ಟಿನ ತೋಳು ಮಡಚಿ ಕೂತ. ಬೀಡಿ ಸಿಗರೇಟು? ಮುಟ್ಟಿಲ್ಲ. ಮದ್ಯ? ವಾಸನೆ ಆಗಲ್ಲ. ವ್ಯಾಯಾಮ? ದಿನಾ ಬೆಳಿಗ್ಗೆ ಐದಕ್ಕೆ ಓಟ. ತರಕಾರಿ? ದಿನಕ್ಕೆ ಮೂರು ಥರ. ನಿದ್ದೆ? ಎಂಟು ಗಂಟೆ. ಬರೆದುಕೊಳ್ಳುತ್ತ ಬರೆದುಕೊಳ್ಳುತ್ತ ನನಗೆ ಆನಂದವಾಯಿತು. ಮಂಚದ ಕೆಳಗಿನಿಂದ ಬಾಟಲಿಯೊಂದು ಇಣುಕುತ್ತಿತ್ತು, ಆದರೂ ಆನಂದವಾಯಿತು.

ಎಲ್ಲ ಮುಗಿದ ಮೇಲೆ ಅವನು ದನಿ ತಗ್ಗಿಸಿ ಕೇಳಿದ, “ಮೇಡಂ, ಪರ್ಮನೆಂಟ್ ಲಿಸ್ಟು ಯಾವಾಗ ಬತ್ತದೆ?”

“ಯಾವ ಲಿಸ್ಟಪ್ಪ? ನಾವು ಸರ್ಕಾರಿ ಆರೋಗ್ಯ ಸರ್ವೆಯವರು.”

“ಫ್ಯಾಕ್ಟ್ರಿಯಿಂದ ಬಂದೋರಲ್ವಾ?”

“ಅಲ್ಲ.”

ಅವನು ಮಡಚಿದ ತೋಳನ್ನು ನಿಧಾನವಾಗಿ ಇಳಿಸಿದ. “ಹಂಗಾದ್ರೆ ಮೊದ್ಲಿಂದ ಬರ್ಕಳಿ ಮೇಡಂ.”

ಫಾರಂನಲ್ಲಿಲ್ಲದ ಪ್ರಶ್ನೆ

ಜನರನ್ನು ಸರ್ವೆಗೆ ಒಲಿಸಿಕೊಳ್ಳುವುದು ಹೇಗೆ ಅಂತ ತರಬೇತಿಯಲ್ಲಿ ಇಡೀ ದಿನ ಪಾಠ ಮಾಡಿದರು. ನನ್ನನ್ನು ಕೇಳಿದ್ದರೆ ಒಂದೇ ಮಾತಿನಲ್ಲಿ ಮುಗಿಸುತ್ತಿದ್ದೆ: ಕೊಟ್ಟ ಕಾಫಿ ಕುಡಿಯಿರಿ. ಕಾಫಿ ಬೇಡ ಅಂದವರಿಗೆ ನಮ್ಮ ಜನ ಉತ್ತರವನ್ನೂ ಕೊಡುವುದಿಲ್ಲ.

ಬೈರಾಪಟ್ಟಣದಲ್ಲಿ ಆ ದಿನ ಹನ್ನೊಂದು ಗಂಟೆಗೆ ಐದು ಮನೆ ಮುಗಿದಿತ್ತು, ಅಂದರೆ ಐದು ಲೋಟ ಒಳಗಿಳಿದಿತ್ತು. ಆರನೇ ಮನೆಯ ಹೆಂಗಸು “ಬಿಸ್ಲಾಗೆ ಬಂದಿದೀರ, ಸುಸ್ತಾಗಿರ್ತೀರ,” ಅಂತ ಒಂದು ಚಮಚ ಸಕ್ಕರೆ ಹೆಚ್ಚಾಗಿಯೇ ಹಾಕಿ ತಂದಳು. ಸುಸ್ತು ನಿಜ. ಈಚೆಗೆ ಬಾಯಿ ಒಣಗುತ್ತದೆ, ನೀರಿನ ಬಾಟಲಿ ಹತ್ತು ಗಂಟೆಗೇ ಖಾಲಿ. ಬಿಸಿಲಿನ ಕಾಟ ಅಂದುಕೊಂಡಿದ್ದೆ. ಲೋಟ ಹಿಡಿದುಕೊಂಡೇ ಕೇಳಿದೆ, “ದಿನಕ್ಕೆ ಎಷ್ಟು ಸಲ ಸಕ್ಕರೆ ಹಾಕಿದ ಕಾಫಿ ಕುಡೀತೀರಿ?”

“ಹೊತ್ತಾರೆ ಒಂದು, ಸಂಜಿಕೆ ಒಂದು.”

“ಕಡಿಮೆ ಮಾಡ್ಬೇಕಮ್ಮ. ಸಕ್ಕರೆ ಒಳ್ಳೇದಲ್ಲ.”

“ಹೌದಾ ಮೇಡಂ? ನಿಮ್ಗೆ ದಿನಕ್ಕೆ ಎಷ್ಟಾಯ್ತದೆ?”

ಪಕ್ಕದಲ್ಲಿ ಆಶಾಗೆ ಕೆಮ್ಮು ಬಂತು. ನಾನು ಫಾರಂ ಹಿಂದೆ ಮುಂದೆ ತಿರುವಿ, ಮುಖ ಗಂಟು ಹಾಕಿಕೊಂಡು, “ಆ ಪ್ರಶ್ನೆ ಇದರಲ್ಲಿಲ್ಲ,” ಅಂದೆ.

“ಹಂಗಾದ್ರೆ ಸೇರಿಸ್ಕಳಿ ಮೇಡಂ,” ಅಂದಳು ಅವಳು, ಇನ್ನರ್ಧ ಲೋಟ ಬಗ್ಗಿಸುತ್ತ.

ಮುಯ್ಯಾಳು

ಎರಡನೇ ಸಲ ರೇಷ್ಮೆ ಮನೆಗೆ ಹೋದಾಗ ಪೌಡರ್ ಇರಲಿ, ವಾಸನೆಯ ಸೋಪು ಕೂಡ ಮುಟ್ಟಿರಲಿಲ್ಲ. ಬಾಗಿಲಿಗೆ ಬೀಗ. ಕಾದು ಕೂತೆ. ಯಜಮಾನಿ ಹಿಪ್ಪುನೇರಳೆ ಸೊಪ್ಪಿನ ಹೊರೆ ಹೊತ್ತು ಕುಂಟುತ್ತ ಬಂದರು. “ಹುಳ ಹಸ್ಕಂಡವೆ. ನಂಗೆ ಪುರುಸೊತ್ತಿಲ್ಲ. ಇನ್ನೊಂದಿನ ಬಾ,” ಅಂತ ಒಳಗೆ ಹೋದರು. ಹುಳಕ್ಕೆ ಎಷ್ಟು ಹೊತ್ತಿಗೆ ಸೊಪ್ಪು, ಕೋಣೆಯಲ್ಲಿ ಎಷ್ಟು ಬಿಸಿ ಇರಬೇಕು ಎಲ್ಲ ಬಾಯಿಪಾಠ. ತನ್ನ ಕಾಲಿನ ಕಡೆ ನೋಡಲು ಮಾತ್ರ ಹೊತ್ತಿಲ್ಲ. ನನಗೆ ಸಿಟ್ಟೂ ಬಂತು, ಅಳುವೂ ಬಂತು.

ಮೂರನೇ ಸಲ ಹೋದದ್ದು ಸರ್ವೆಯ ಕೊನೆಯ ದಿನ. ಟ್ಯಾಬಿನಲ್ಲಿ ‘ನಿರಾಕರಿಸಿದ್ದಾರೆ’ ಅನ್ನುವ ಗುಂಡಿ ನನಗಾಗಿ ಕಾಯುತ್ತಿತ್ತು. ಹೋಗಿ ನೋಡಿದರೆ ಮನೆ ತುಂಬ ಹೆಂಗಸರು. ಹುಳ ಹಣ್ಣಾಗಿತ್ತು. ಅಂದರೆ ಸೊಪ್ಪು ತಿನ್ನುವುದು ಬಿಟ್ಟು, ಮೈ ಹಳದಿ ತಿರುಗಿ, ಗೂಡು ಕಟ್ಟಲು ಸಿದ್ಧವಾಗಿತ್ತು. ಆ ಹೊತ್ತಿನಲ್ಲಿ ಒಂದೊಂದೇ ಹುಳ ಆಯ್ದು ಚಂದ್ರಿಕೆ ಎನ್ನುವ ಬಿದಿರಿನ ತಟ್ಟಿಗೆ ಬಿಡಬೇಕು. ತಡವಾದರೆ ಇಡೀ ಬೆಳೆ ಹಾಳು. ಒಬ್ಬರ ಕೈಲಿ ಆಗುವ ಕೆಲಸವಲ್ಲ, ಅದಕ್ಕೇ ಬೀದಿಯ ಹೆಂಗಸರೆಲ್ಲ ಮು‌ಯ್ಯಾಳು ಬರುತ್ತಾರೆ. ಇವತ್ತು ನಿನ್ನ ಮನೆಯ ಕೆಲಸಕ್ಕೆ ನಾನು, ನಾಳೆ ನನ್ನ ಮನೆಯದಕ್ಕೆ ನೀನು. ಕೂಲಿ ಇಲ್ಲ. ಯಾರು ಯಾರಿಗೆ ಬಂದಿದ್ದರು ಅನ್ನುವುದನ್ನು ಮಾತ್ರ ಯಾರೂ ಮರೆಯುವುದಿಲ್ಲ.

“ಇವತ್ತೇ ಕೊನೆ ದಿನ ಅಮ್ಮ. ಹತ್ತು ನಿಮಿಷ ಕೊಡಿ,” ಅಂತ ಹೊಸ್ತಿಲಲ್ಲಿ ನಿಂತು ಗೋಗರೆದೆ.

“ಆ ಹೊತ್ನಾಗೆ ಒಂದ್ ಚಂದ್ರಿಕೆ ತುಂಬ್ತೀನಿ. ನೀನ್ ತುಂಬ್ಕೊಡ್ತೀಯಾ?”

“ನಾನಾ?”

“ಯಾಕೆ, ಕೈ ಇಲ್ವಾ? ಮುಯ್ಯಾಳು ಬಾ. ನೀನ್ ನನ್ನ ಕ್ಯಾಮೆ ಮಾಡು, ನಾನ್ ನಿನ್ನ ಕ್ಯಾಮೆ ಮಾಡ್ಕೊಡ್ತೀನಿ.”

ಇಲ್ಲಿ ಒಂದು ವಿಷಯ ಒಪ್ಪಿಕೊಂಡುಬಿಡಬೇಕು. ನಾನು ಹೆರಿಗೆ ಮಾಡಿಸಿದವಳು, ರಕ್ತ ಕಂಡರೆ ರೆಪ್ಪೆ ಅಲುಗಿಸದವಳು. ಆದರೆ ಹುಳ ಅಂದರೆ ಪ್ರಾಣ ಹೋಗುತ್ತದೆ. ಅವರೆಕಾಯಿ ಸುಲಿಯುವಾಗ ಒಂದು ಹುಳ ಕಂಡರೆ ಮೊರ ಎಸೆದು ಓಡುತ್ತೇನೆ. ವಾಪಸ್ಸು ಹೋಗಿಬಿಡೋಣ ಅನ್ನಿಸಿತು. ಅಷ್ಟರಲ್ಲಿ ಅವರು ಎದ್ದು ಚಂದ್ರಿಕೆ ತರಲು ಹೊರಟರು. ಕಾಲು ಎಳೆಯುತ್ತಿತ್ತು, ಬಟ್ಟೆ ಒದ್ದೆಯಾಗಿತ್ತು. ನಾನು ಚಪ್ಪಲಿ ಬಿಟ್ಟು, ಸುಣ್ಣ ತುಳಿದು, ಕೈ ತೊಳೆದು ಒಳಗೆ ಹೋದೆ.

ಮೊದಲನೇ ಹುಳ ಎತ್ತಿದಾಗ ನಾನು ಕಿರುಚಿದ ರಭಸಕ್ಕೆ ಕೊಟ್ಟಿಗೆಯ ಹಸು ಎದ್ದು ನಿಂತಿತು.

“ಅಯ್ಯೋ, ಊರೋರ್ಗೆಲ್ಲಾ ಸೂಜಿ ಚುಚ್ಚೋಳು ಹುಳಕ್ಕೆ ಹೆದ್ರುತಾಳೆ ನೋಡ್ರೇ!” ಅಂತ ಹೆಂಗಸರು ನಕ್ಕೂ ನಕ್ಕೂ ಕಣ್ಣೊರೆಸಿಕೊಂಡರು.

“ಅಮುಕ್ಬ್ಯಾಡ ಕಣವ್ವ. ಹಸುಗೂಸು ಎತ್ತಂಗೆ ಎತ್ತು,” ಅಂತ ಯಜಮಾನಿ ಕಲಿಸಿಕೊಟ್ಟರು. ಹತ್ತನೇ ಹುಳಕ್ಕೆ ಕಣ್ಣು ಬಿಟ್ಟೆ. ನೂರನೆಯದಕ್ಕೆ ಉಸಿರು ಬಿಟ್ಟೆ. ಆಮೇಲೆ ಅವರಿಗೇ ಕನಿಕರ ಬಂದು, “ಅದೇನೋ ಕೇಳ್ಬೇಕು ಅಂತಿದ್ಯಲ್ಲ, ಕೇಳು. ಕೈಗೆ ತಾನೆ ಕ್ಯಾಮೆ, ಬಾಯಿ ಖಾಲಿ ಐತೆ,” ಅಂದರು. ನಾನು ಹುಳ ಆಯುತ್ತ ಕೇಳಿದೆ, ಅವರು ಹುಳ ಆಯುತ್ತ ಹೇಳಿದರು, ಆಶಾ ಟ್ಯಾಬಿನಲ್ಲಿ ಒತ್ತುತ್ತ ಹೋದಳು. “ಹೊಗೆಸೊಪ್ಪು ಹಾಕ್ತೀರಾ?” ಅಂದದ್ದಕ್ಕೆ ಯಜಮಾನಿ “ಒಸಿ” ಅಂದರೆ, ಸುತ್ತ ಕೂತವರೆಲ್ಲ “ಒಸಿಯಾ!” ಅಂತ ಒಂದೇ ರಾಗದಲ್ಲಿ ಎಳೆದರು.

ನಡುವೆ ಅವರು ನನಗೆ ಮುಯ್ಯಿಯ ನೀತಿಯನ್ನೂ ಹೇಳಿದರು. “ಮುಯ್ಯಿ ತೀರಿಸ್ವಾಗ ಸಮಾ ತೀರಿಸ್ಬಾರ್ದು. ಸೇರು ರಾಗಿ ಇಸ್ಕಂಡಿದ್ರೆ ಸೇರಿನ ಮ್ಯಾಲೆ ಒಂದು ಹಿಡಿ ಹಾಕ್ಬೇಕು. ಅದೇ ಮರ್ವಾದೆ.”

ಮಧ್ಯಾಹ್ನದ ಹೊತ್ತಿಗೆ ಕೊನೆಯ ಚಂದ್ರಿಕೆ ತುಂಬಿತು. ಯಜಮಾನಿ ಕೈ ತೊಳೆದು ಬಂದು, ಕೊಟ್ಟ ಮಾತಿನಂತೆ ಬೆರಳು ಚಾಚಿದರು. ಮೆಷಿನ್ನು ತೋರಿಸಿದ್ದು ಇನ್ನೂರ ಎಂಬತ್ತಾರು.

ನಾನು ನನ್ನ ಕೆಲಸ, ಮರ್ಯಾದೆ ಎಲ್ಲ ಮರೆತು ಕೂಗಾಡಿದೆ. “ಇಷ್ಟು ಸಕ್ಕರೆ ಇಟ್ಕೊಂಡು, ಈ ಕಾಲಲ್ಲಿ ಸೊಪ್ಪು ಹೊತ್ತಿರಲ್ಲ! ಕಾಲು ಬೇಕೋ ಬೇಡವೋ? ನಾಳೆ ಬೆಳಿಗ್ಗೆ ಆಸ್ಪತ್ರೆಗೆ ಬರಲೇಬೇಕು.”

ಅವರು ಮೆಷಿನ್ನು ನೋಡಿದರು, ನನ್ನ ಮುಖ ನೋಡಿದರು. “ಆಯ್ತು. ಈಗ ನಿಂದು ಕೊಡು.”

“ನನ್ನದೇನು?”

“ನೀನ್ ಹುಳ ಆಯ್ದೆ, ನಾನ್ ಮಾತು ಹೇಳ್ದೆ. ಅದು ತೀರ್ತು. ರಕ್ತ ಕೊಟ್ಟಿದ್ದು ಬಾಕಿ ಐತಲ್ಲ. ರಕ್ತಕ್ಕೆ ರಕ್ತನೇ ಮುಯ್ಯಿ.”

“ಪಟ್ಟಿಯಲ್ಲಿ ನನ್ನ ಹೆಸರಿಲ್ಲ ಅಮ್ಮ,” ಅಂದೆ. ಒಪ್ಪಲಿಲ್ಲ. “ನನಗೇನಾಗಿದೆ, ಗುಂಡುಕಲ್ಲಿನ ಹಾಗಿದ್ದೀನಿ,” ಅಂದೆ. ನಕ್ಕರು. “ಬಸ್ಸಿಗೆ ಹೊತ್ತಾಯ್ತು, ಇನ್ನೊಂದಿನ ಕೊಡ್ತೀನಿ,” ಅಂದೆ. ಅಂದಮೇಲೆ ನನಗೇ ನಾಚಿಕೆಯಾಯಿತು. ಇಪ್ಪತ್ತನಾಲ್ಕು ವರ್ಷ ಬಾಗಿಲು ಬಾಗಿಲಲ್ಲಿ ಕೇಳಿದ ಸಬೂಬುಗಳು ನನ್ನ ಬಾಯಿಂದಲೇ ಸಾಲಾಗಿ ಹೊರಡುತ್ತಿದ್ದವು.

“ಕೈ ಕೊಡಿ ಮೇಡಂ,” ಅಂದಳು ಆಶಾ. ಅವಳು ಯಾವ ಕೆಲಸವನ್ನೂ ಅಷ್ಟು ಚುರುಕಾಗಿ ಮಾಡಿದ್ದು ನಾನು ನೋಡಿಲ್ಲ. ಚುಚ್ಚಿಯೇಬಿಟ್ಟಳು. ಇರುವೆ ಕಚ್ಚಿದ ಹಾಗೆ ಅಷ್ಟೇ ಅಂತ ಇಷ್ಟು ವರ್ಷ ಊರವರಿಗೆ ಹೇಳುತ್ತ ಬಂದಿದ್ದೇನೆ. ಶುದ್ಧ ಸುಳ್ಳು.

ಮುನ್ನೂರ ನಾಲ್ಕು.

ಆಶಾ ಎರಡು ಸಲ ಓದಿದಳು. ನನಗೆ ಬೈರಾಪಟ್ಟಣದ ಆರು ಲೋಟವೂ ಖಾಲಿ ನೀರಿನ ಬಾಟಲಿಯೂ ಕಣ್ಣ ಮುಂದೆ ಬಂದವು. ಯಜಮಾನಿ ನನ್ನ ಕೈಯನ್ನು ತಮ್ಮ ಎರಡೂ ಕೈಯಲ್ಲಿ ಹಿಡಿದುಕೊಂಡು, ಮನೆಯೆಲ್ಲ ಕೇಳುವ ಹಾಗೆ ಅಂದರು:

“ಭಲೇ ನರ್ಸಮ್ಮ! ಮುಯ್ಯಿ ಅಂದ್ರೆ ಇದು! ನಾನ್ ಕೊಟ್ಟಿದ್ಕಿಂತ ಹದ್ನೆಂಟು ಮ್ಯಾಲೇ ಕೊಟ್ಯಲ್ಲ!”

ಅವರ ಕಾಲು ಉಳಿಯಿತು. ಗಾಯ ಮಾಗಲು ಎರಡು ಬೆಳೆ ಹುಳ ಹಿಡಿಯಿತು ಅನ್ನುವುದು ಅವರದೇ ಲೆಕ್ಕ. ನನ್ನ ಕಾಫಿಯಿಂದ ಸಕ್ಕರೆ ಹೋಯಿತು, ಮನೆ ಮನೆಯಲ್ಲೂ ಸಪ್ಪೆ ಕಾಫಿ ಕೇಳಿ ಬೈಸಿಕೊಳ್ಳುತ್ತೇನೆ. ಆದರೆ ಮಾರನೇ ದಿನ ಬೆಳಿಗ್ಗೆ ಆಸ್ಪತ್ರೆಯಲ್ಲಿ ಆದದ್ದನ್ನು ಹೇಳದಿದ್ದರೆ ಆಶಾ ಹೇಳಿಬಿಡುತ್ತಾಳೆ, ಅದಕ್ಕೇ ನಾನೇ ಹೇಳುತ್ತೇನೆ. ನಾನು ಆ ದಿನ ರಿಪೋರ್ಟು ಬರೆಯುವುದಿದೆ ಅಂತ ಮನೆಯಲ್ಲೇ ಉಳಿದಿದ್ದೆ. ಮೊದಲ ಬಸ್ಸಿಗೆ ನಮ್ಮೂರಿಗೆ ಬಂದಿಳಿದ ಯಜಮಾನಿ ಆಶಾಳನ್ನು ಕರೆದುಕೊಂಡು ನನ್ನ ಬಾಗಿಲಿಗೇ ಬಂದರು. ಮೊದಲ ಸಲ ಬಂದಾಗ ಪೂಜೆ ಅಂದೆ. ಬೀದಿ ಸುತ್ತಿ ಮತ್ತೆ ಬಂದರು, ತಿಂಡಿ ಆಗಿಲ್ಲ ಅಂದೆ. ಮೂರನೇ ಸಲ ಬಂದವರು ಮಾತೇ ಆಡದೆ ನನ್ನ ಬ್ಯಾಗು ಎತ್ತಿಕೊಂಡು ಬಸ್‌ಸ್ಟ್ಯಾಂಡಿನ ಕಡೆ ನಡೆದುಬಿಟ್ಟರು.

ಆಸ್ಪತ್ರೆಯಲ್ಲಿ ನಮ್ಮ ಡಾಕ್ಟರಮ್ಮ ಇಬ್ಬರನ್ನೂ ನೋಡಿ ಖುಷಿಯಾಗಿ, “ಪರವಾಗಿಲ್ವೇ ಸಿಸ್ಟರ್! ಎಲ್ಲಿಗೂ ಬರದೇ ಇರೋರನ್ನ ಕೊನೆಗೂ ಒಪ್ಪಿಸಿ ಕರ್ಕೊಂಡು ಬಂದ್ರಲ್ಲ!” ಅಂದರು.

ನಾನು ಹೊಗಳಿಕೆಗೆ ಬಾಯಿ ತೆರೆಯುವಷ್ಟರಲ್ಲಿ ಯಜಮಾನಿ ನನ್ನನ್ನು ಕುರ್ಚಿಯ ಕಡೆ ದಬ್ಬಿದರು.

“ನಾನೇ ಕರ್ಕಂಡ್ ಬಂದಿದೀನಿ ಕಣವ್ವ. ಮೊದ್ಲು ಇವಳ್ನ ನೋಡು. ಮೂರು ಸಲ ಮನೆತಾವ್ಕೆ ಹೋದ್ಮ್ಯಾಲೆ ಬಂದವ್ಳೆ.”